ಸಿಯಾಟಲ್‌ನಲ್ಲಿ ಮಾರ್ಚ್ ತಿಂಗಳು: ಓದುವ ಅಮ್ಮನನ್ನು ಎಲ್ಲಿಗೆ ಕರೆದೊಯ್ಯಲಿ?

ಪ್ರಶ್ನೆ: ವರದಾತೀರ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಕಳೆದ ಅಕ್ಟೋಬರ್‌ನಲ್ಲಿ ಸಿಯಾಟಲ್‌ಗೆ ಬಂದು, ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ ಲೈಟ್ ರೈಲ್ ನಿಲ್ದಾಣಕ್ಕೆ ಹತ್ತಿರದ ಮನೆಯೊಂದರಲ್ಲಿ ಬಾಡಿಗೆಗಿದ್ದೇನೆ. ಕಾರು ಇನ್ನೂ ಕೊಂಡಿಲ್ಲ. ಈ ಮಾರ್ಚ್ ಮೊದಲ ವಾರ ಸಾಗರದಿಂದ ಅಮ್ಮ ಬರುತ್ತಿದ್ದಾರೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಮಧ್ಯಾಹ್ನದ ಊಟವಾದ ಮೇಲೆ ಪುಸ್ತಕ ಹಿಡಿದು ಜಗುಲಿಯಲ್ಲಿ ಕುಳಿತರೆ ಸಂಜೆಯ ಕಾಫಿಗೆ ಕರೆಯುವವರೆಗೂ ಏಳುವವರಲ್ಲ. ಇಂಗ್ಲಿಷ್ ಓದಬಲ್ಲರು, ಆದರೆ ನಿಧಾನ. ಮೊಣಕಾಲು ನೋವಿರುವುದರಿಂದ ಒಂದೇ ಸಮನೆ ಬಹಳ ದೂರ ನಡೆಯಲಾರರು.

ಇಲ್ಲಿನ ಪರಿಚಿತರೆಲ್ಲರೂ "ಜುಲೈನಲ್ಲಿ ಕರೆಸಿಕೊಳ್ಳಬೇಕಿತ್ತು, ಮಾರ್ಚ್‌ನಲ್ಲಿ ಬರೀ ಮಳೆ, ಮನೆಯಲ್ಲೇ ಕೂರಬೇಕಾಗುತ್ತದೆ" ಎನ್ನುತ್ತಿದ್ದಾರೆ. ಟಿಕೆಟ್ ಆಗಿಹೋಗಿದೆ, ಬದಲಾಯಿಸುವಂತಿಲ್ಲ. ಮಲೆನಾಡಿನವರಿಗೆ ಮಳೆಯ ಭಯವೇನೂ ಇಲ್ಲ, ಆದರೆ ನಾನು ಕಚೇರಿಗೆ ಹೋದಾಗ ಅವರೊಬ್ಬರೇ ಕಿಟಕಿಯ ಮಂಕು ಬೆಳಕಿನಲ್ಲಿ ದಿನವಿಡೀ ಕುಳಿತಿರುವುದನ್ನು ನೆನೆದರೆ ಇರಿಸುಮುರಿಸಾಗುತ್ತದೆ. ವಸಂತ ಕಾಲಿಡುವ ಈ ಹೊತ್ತಿನಲ್ಲಿ ನೀವೆಲ್ಲ ಏನು ಮಾಡುತ್ತೀರಿ? ಯಾವ ಗ್ರಂಥಾಲಯಕ್ಕೆ ಕರೆದೊಯ್ದರೆ ಅವರಿಗೆ ಹಿಡಿಸೀತು? ಬಹಳ ನಡೆಯದೆ ನೋಡಬಹುದಾದ ಹೂವುಗಳೇನಾದರೂ ಇವೆಯೇ? ಕನ್ನಡದ ಓದಿಗೆ ಏನು ದಾರಿ?

ಉತ್ತರ: ಬ್ಯಾಲಾರ್ಡ್‌ವಾಸಿ

ನಿಮ್ಮ ಪರಿಚಿತರ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಓದುವವರಿಗೆ ಈ ಊರಿನಲ್ಲಿ ಮಾರ್ಚ್‌ಗಿಂತ ಒಳ್ಳೆಯ ತಿಂಗಳಿಲ್ಲವೆಂದೇ ನನ್ನ ಅಭಿಪ್ರಾಯ; ಜುಲೈನಲ್ಲಿ ಬಂದವರು ಬೆಟ್ಟ, ದೋಣಿ, ದ್ವೀಪಗಳೆಂದು ತಿರುಗಿ ದಣಿದು ಹೋಗುತ್ತಾರೆಯೇ ಹೊರತು ಒಂದು ಪುಟವನ್ನೂ ತಿರುವುವುದಿಲ್ಲ.

ಮೊದಲು ಮಳೆಯ ವಿಷಯ. ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1000 ಮಿ.ಮೀ., ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆಗುಂಬೆಯಲ್ಲಾದರೆ ಅದು 7000 ಮಿ.ಮೀ. ದಾಟುತ್ತದೆ. ವ್ಯತ್ಯಾಸವಿರುವುದು ಸುರಿಯುವ ರೀತಿಯಲ್ಲಿ: ಬೆಂಗಳೂರಿನ ಮಳೆ ಸಂಜೆಯ ಒಂದೆರಡು ಗಂಟೆಗಳಲ್ಲಿ ಧೋ ಎಂದು ಸುರಿದು ಮುಗಿದರೆ, ಇಲ್ಲಿ ಅಷ್ಟೇ ನೀರು ಸುಮಾರು 150 ದಿನಗಳಿಗೆ ಹಂಚಿಹೋಗಿ ಸೋನೆಯಾಗಿ, ತುಂತುರಾಗಿ, ಕೆಲವೊಮ್ಮೆ ಬಿದ್ದದ್ದೇ ತಿಳಿಯದಷ್ಟು ನವಿರಾಗಿ ಇಳಿಯುತ್ತದೆ. ಪೆಸಿಫಿಕ್‌ನಿಂದ ಬರುವ ಮೋಡಗಳು ಪಶ್ಚಿಮದ ಒಲಿಂಪಿಕ್ ಪರ್ವತಗಳ ಮೇಲೆ ಬಹುಪಾಲು ಭಾರವನ್ನು ಇಳಿಸಿಯೇ ನಮ್ಮ ಕಡೆಗೆ ಬರುವುದರಿಂದ ನಮಗೆ ಸಿಗುವುದು ಅಳಿದುಳಿದದ್ದು. ಆ ಪರ್ವತಗಳ ಪಶ್ಚಿಮ ಮಗ್ಗುಲಿನ ಹೋ ಮಳೆಕಾಡಿನಲ್ಲಿ ಇಲ್ಲಿಯ ಮೂರು ಪಟ್ಟಿಗೂ ಹೆಚ್ಚು ಮಳೆಯಾಗುತ್ತದೆ. ನವೆಂಬರ್ ಅತಿ ಹೆಚ್ಚು ಮಳೆಯ ತಿಂಗಳು. ಅದನ್ನು ನೀವು ಈಗಾಗಲೇ ದಾಟಿದ್ದೀರಿ.

ಮಾರ್ಚ್‌ನಲ್ಲಿ ಎರಡು ಸಂಗತಿಗಳು ಬದಲಾಗುತ್ತವೆ. ಒಂದು, ಬೆಳಕು. ಡಿಸೆಂಬರ್‌ನಲ್ಲಿ ಸಂಜೆ 4:20ಕ್ಕೆ ಮುಳುಗುತ್ತಿದ್ದ ಸೂರ್ಯ, ಮಾರ್ಚ್ 8ರಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟ ಮೇಲೆ ಏಳು ಗಂಟೆಯವರೆಗೂ ಇರುತ್ತಾನೆ. ಕಚೇರಿಯಿಂದ ಬಂದ ಮೇಲೂ ಅಮ್ಮನೊಂದಿಗೆ ಬೆಳಕಿನಲ್ಲೇ ಒಂದು ಸುತ್ತು ಹೋಗಿಬರಬಹುದು. ಇನ್ನೊಂದು, ಮಳೆ ಆಗಾಗ ಹೊಳವಾಗುತ್ತದೆ. ಇಲ್ಲಿಯ ಹವಾಮಾನ ವರದಿಗಳಲ್ಲಿ ಬರುವ 'ಸನ್‌ಬ್ರೇಕ್' ಎಂಬುದು ಇದೇ. ಇಪ್ಪತ್ತು ನಿಮಿಷ ಬಿಸಿಲು, ಮತ್ತೆ ಮೋಡ. ಆ ಇಪ್ಪತ್ತು ನಿಮಿಷ ಎಲ್ಲಿರಬೇಕೆಂದು ಮೊದಲೇ ಗೊತ್ತುಮಾಡಿಕೊಂಡವರಿಗೆ ಈ ಊರು ಒಲಿಯುತ್ತದೆ, ಮತ್ತು ಆ ಜಾಗ ಗ್ರಂಥಾಲಯವೊಂದರ ಬಾಗಿಲಿಗೆ ಹತ್ತಿರವಿರಬೇಕು.

ನೀವು ಇರುವ ಕಡೆಯಿಂದಲೇ ಆರಂಭಿಸಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸುಝಾಲೋ ಗ್ರಂಥಾಲಯ ನಿಮ್ಮ ಮನೆಯಿಂದ ನಡೆದೇ ಹೋಗುವಷ್ಟು ದೂರ. 1926ರಲ್ಲಿ ಕಟ್ಟಿದ್ದು; ಮೂರನೆಯ ಮಹಡಿಯ ಓದುಕೋಣೆ 250 ಅಡಿ ಉದ್ದ, 65 ಅಡಿ ಎತ್ತರ. ಎಲ್ಲರೂ ಒಳಗೆ ಬಂದೊಡನೆ ತಲೆಯೆತ್ತಿ ಕಮಾನುಗಳ ಚಿತ್ರ ತೆಗೆದುಕೊಂಡು ಹೋಗಿಬಿಡುತ್ತಾರೆ. ನೀವು ಅಮ್ಮನನ್ನು ಗೋಡೆಯ ಪಕ್ಕದ ಓಕ್ ಮರದ ಪುಸ್ತಕದ ಕಪಾಟುಗಳ ಬಳಿಗೆ ಕರೆದೊಯ್ದು, ಅವುಗಳ ನೆತ್ತಿಯ ಮೇಲೆ ಕೊರೆದ ಪಟ್ಟಿಗಳನ್ನು ತೋರಿಸಿ. ಇದೇ ರಾಜ್ಯದ ಕಾಡುಗಳಲ್ಲಿ ಬೆಳೆಯುವ ಗಿಡಗಳನ್ನು ಎಲೆ, ಹೂ, ಕಾಯಿಗಳ ಸಮೇತ ಅಲ್ಲಿ ಕೈಯಿಂದ ಕೆತ್ತಿದ್ದಾರೆ. ಕಿಟಕಿಗಳ ಬಣ್ಣದ ಗಾಜಿನಲ್ಲಿರುವ ಚಿಹ್ನೆಗಳು ಹಳೆಯ ಯೂರೋಪಿನ ಕಾಗದ ತಯಾರಕರು ತಮ್ಮ ಹಾಳೆಗಳಲ್ಲಿ ಮೂಡಿಸುತ್ತಿದ್ದ ನೀರಚ್ಚುಗಳ ಪ್ರತಿರೂಪಗಳು. ಪುಸ್ತಕ ತೆಗೆದುಕೊಂಡು ಹೋಗಲಾಗದಿದ್ದರೂ ಕುಳಿತು ಓದಲು ಯಾರೂ ಬೇಡವೆನ್ನುವುದಿಲ್ಲ. ಮಾತು ಮಾತ್ರ ಪಿಸುಗುಟ್ಟುವಂತೆಯೂ ಇಲ್ಲ, ಅಷ್ಟು ನಿಶ್ಶಬ್ದ. ಫೋನ್ ಸದ್ದು ಮಾಡಿದರೆ ನೂರು ಕಣ್ಣುಗಳು ನಿಮ್ಮತ್ತ ತಿರುಗುತ್ತವೆ.

ಅಲ್ಲಿಂದ ಐದು ನಿಮಿಷದ ನಡಿಗೆಯಲ್ಲಿ ಕ್ವಾಡ್ ಎಂಬ ಚೌಕವಿದೆ. ಯೋಶಿನೋ ಚೆರಿಯ ಸುಮಾರು ಮೂವತ್ತು ಮರಗಳು ಅಲ್ಲಿವೆ. ಇವು ಮೊದಲು ಅರ್ಬೊರೇಟಂ ಎಂಬ ಮರಗಳ ಉದ್ಯಾನದಲ್ಲಿದ್ದವು. 520ನೇ ಹೆದ್ದಾರಿ ಆ ದಾರಿಯಲ್ಲಿ ಹಾದುಹೋಗಬೇಕಾದಾಗ, 1960ರ ದಶಕದ ಆರಂಭದಲ್ಲಿ, ಕಡಿಯುವ ಬದಲು ಬೇರುಸಹಿತ ಕಿತ್ತು ತಂದು ಇಲ್ಲಿ ನೆಟ್ಟರು. ಸಾಮಾನ್ಯವಾಗಿ ಮಾರ್ಚ್ ಮೂರನೆಯ ಅಥವಾ ನಾಲ್ಕನೆಯ ವಾರ ತುಂಬಿ ಅರಳುತ್ತವೆ. ಶನಿವಾರ, ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ವಾರದ ಮಧ್ಯೆ, ಬೆಳಗ್ಗೆ, ಅದರಲ್ಲೂ ತುಂತುರು ಬೀಳುತ್ತಿರುವಾಗ ಹೋಗಿ: ಒದ್ದೆಯಾದ ತೊಗಟೆ ಕಪ್ಪಗಾಗಿ ಹೂವಿನ ತೆಳು ಗುಲಾಬಿ ಇನ್ನಷ್ಟು ಎದ್ದು ಕಾಣುತ್ತದೆ, ಬೆಂಚುಗಳೂ ಖಾಲಿಯಿರುತ್ತವೆ. ಕೂರಲು ಒಂದು ಹಳೆಯ ಟವೆಲ್ ಇರಲಿ.

ಇನ್ನು ಪೇಟೆಯ ಮಧ್ಯದ ಸೆಂಟ್ರಲ್ ಲೈಬ್ರರಿ. ವಾಸ್ತುಶಿಲ್ಪಿಗಳಾದ ರೆಮ್ ಕೂಲ್‌ಹಾಸ್ ಮತ್ತು ಜೋಶುವಾ ಪ್ರಿನ್ಸ್-ರೇಮಸ್ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು 2004ರ ಮೇ ತಿಂಗಳಲ್ಲಿ ತೆರೆದ, ಗಾಜು ಮತ್ತು ಉಕ್ಕಿನ ಹನ್ನೊಂದು ಅಂತಸ್ತಿನ ಕಟ್ಟಡ. ಹೊರಗಿನಿಂದ ನೋಡಿದವರಲ್ಲಿ ಮೆಚ್ಚಿದವರಷ್ಟೇ ಮೂಗು ಮುರಿದವರೂ ಇದ್ದಾರೆ. ಒಳಗಿನ ಜಾಣತನ ನೋಡಬೇಕಾದರೆ ಆರನೆಯ ಅಂತಸ್ತಿಗೆ ಹೋಗಿ: ಅಲ್ಲಿಂದ ಒಂಬತ್ತನೆಯ ಅಂತಸ್ತಿನವರೆಗೆ ಪುಸ್ತಕಗಳು ಇಳಿಜಾರಿನ ಒಂದೇ ಹಾದಿಯಲ್ಲಿ ಸುತ್ತುತ್ತಾ, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಸಂಖ್ಯೆಯ 000ದಿಂದ 999ರವರೆಗೆ ಎಲ್ಲಿಯೂ ಕಡಿಯದೆ ಸಾಗುತ್ತವೆ. ಯಾವುದಾದರೊಂದು ವಿಷಯದ ಪುಸ್ತಕಗಳು ಹೆಚ್ಚಾದರೆ ಅವನ್ನು ಒಡೆದು ಬೇರೆ ಮಹಡಿಗೆ ಸಾಗಿಸುವ ಪ್ರಮೇಯವೇ ಬರಬಾರದೆಂಬುದು ಉದ್ದೇಶ. ಸಂಖ್ಯೆಗಳನ್ನು ನೆಲದ ಮೇಲಿನ ಚಾಪೆಗಳಲ್ಲೇ ದೊಡ್ಡದಾಗಿ ಬರೆದಿದ್ದಾರೆ. ಕನ್ನಡ ಸಾಹಿತ್ಯದ ಡ್ಯೂಯಿ ಸಂಖ್ಯೆ 894.814, ವಚನಗಳ ಇಂಗ್ಲಿಷ್ ಅನುವಾದವೂ ಇದೇ ಸಂಖ್ಯೆಯಡಿ ಬರುತ್ತದೆ. ಕನ್ನಡ ಮೇಷ್ಟ್ರಾಗಿದ್ದವರಿಗೆ ಆ ಸಂಖ್ಯೆಯ ಮುಂದೆ ನಿಲ್ಲುವುದೇ ಒಂದು ಖುಷಿ. ಹತ್ತನೆಯ ಅಂತಸ್ತಿನ ಓದುಕೋಣೆಯಲ್ಲಿ ಗಾಜಿನ ಚಾವಣಿ ತಲೆಯ ಮೇಲೆಯೇ ಓರೆಯಾಗಿ ಇಳಿಯುವುದರಿಂದ ಮಳೆಯ ಹನಿಗಳು ವಜ್ರಾಕೃತಿಯ ಚೌಕಟ್ಟುಗಳ ಮೇಲೆ ಜಾರುವುದನ್ನು ನೋಡುತ್ತಾ ಕೂರಬಹುದು.

ಒಂದು ಎಚ್ಚರಿಕೆ: ರೈಲಿನಿಂದ ಇಳಿದ ಮೇಲೆ ಮೂರನೆಯ ಅವೆನ್ಯೂದಿಂದ ನಾಲ್ಕನೆಯದಕ್ಕೆ ಏರುವ ಬೀದಿ ಕಡಿದಾಗಿದೆ. ನಾಲ್ಕನೆಯ ಅವೆನ್ಯೂ ಬಾಗಿಲು ಒಂದನೆಯ ಅಂತಸ್ತಿಗೂ ಐದನೆಯ ಅವೆನ್ಯೂ ಬಾಗಿಲು ಮೂರನೆಯ ಅಂತಸ್ತಿಗೂ ತೆರೆಯುತ್ತವೆಂದರೆ ಏರು ಎಷ್ಟೆಂದು ಊಹಿಸಿಕೊಳ್ಳಿ. ನಾಲ್ಕನೆಯದರಲ್ಲೇ ಒಳಹೊಕ್ಕು ಲಿಫ್ಟ್ ಹಿಡಿಯಿರಿ.

ಉತ್ತರ: ಈಸ್ಟ್‌ಸೈಡ್ ಓದುಗಿ

ಬ್ಯಾಲಾರ್ಡ್‌ವಾಸಿಗಳು ಬರೆದದ್ದು ಸೊಗಸಾಗಿದೆ, ಆದರೆ ಸೆಂಟ್ರಲ್ ಲೈಬ್ರರಿಯ ಬಗ್ಗೆ ನನ್ನದು ಸ್ವಲ್ಪ ತಕರಾರು. ಅದು ಒಮ್ಮೆ ನೋಡಿಬರಬೇಕಾದ ಜಾಗ, ದಿನವೂ ಹೋಗಿ ಕೂರುವ ಜಾಗವಲ್ಲ. ಕಣ್ಣು ಕುಕ್ಕುವ ಹಳದಿ ಎಸ್ಕಲೇಟರು, ಗೋಡೆ, ನೆಲ, ಚಾವಣಿಯೆಲ್ಲವೂ ಕೆಂಪಾಗಿರುವ ನಾಲ್ಕನೆಯ ಅಂತಸ್ತು, ಎತ್ತರದ ಒಳಾಂಗಣದಲ್ಲಿ ಪ್ರತಿಧ್ವನಿಸುವ ಸದ್ದು. ಇವುಗಳ ನಡುವೆ ನಮ್ಮ ಅತ್ತೆಯವರು ಅರ್ಧ ಗಂಟೆಯಲ್ಲೇ "ಮನೆಗೆ ಹೋಗೋಣವೇ" ಎಂದರು. ಹಿರಿಯರಿಗೆ ಹೊಂದುವುದು ಬಡಾವಣೆಯ ಚಿಕ್ಕ ಶಾಖೆಗಳು. ಸಿಯಾಟಲ್ ಪಬ್ಲಿಕ್ ಲೈಬ್ರರಿಗೆ ಸೆಂಟ್ರಲ್ ಸೇರಿ 27 ಕಟ್ಟಡಗಳಿವೆ. ಅವುಗಳಲ್ಲಿ ಗ್ರೀನ್ ಲೇಕ್ ಶಾಖೆ 1910ರಲ್ಲಿ ಆಂಡ್ರ್ಯೂ ಕಾರ್ನೆಗಿಯವರ ಹಣದಿಂದ ಎದ್ದದ್ದು. ಎದುರಿಗೇ ಕೆರೆ, ಕೆರೆಯ ಸುತ್ತ ಸಮತಟ್ಟಾದ ಹಾದಿ. ಪೂರ್ತಿ ಸುತ್ತಿದರೆ ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ, ಆದರೆ ಸುತ್ತಲೇಬೇಕೆಂದು ಯಾರು ಹೇಳಿದರು? ಎರಡು ಬೆಂಚುಗಳಷ್ಟು ದೂರ ಹೋಗಿ ಬಾತುಕೋಳಿಗಳನ್ನು ನೋಡಿ, ಹನಿ ಶುರುವಾದೊಡನೆ ಒಳಗೆ ಬಂದರಾಯಿತು.

ಕಾರ್ಡಿನ ವಿಷಯ. ನೀವು ನಗರದ ನಿವಾಸಿಯಾದ್ದರಿಂದ ನಿಮಗೆ ಉಚಿತವಾಗಿ ಸಿಗುತ್ತದೆ, ಅಮ್ಮನಿಗೆ ಬೇಕಾದ ಪುಸ್ತಕಗಳನ್ನು ಅದರಲ್ಲೇ ತೆಗೆದುಕೊಳ್ಳಿ. ಸುತ್ತಲಿನ ಊರುಗಳ ಕಿಂಗ್ ಕೌಂಟಿ ಲೈಬ್ರರಿ ಬೇರೆಯದೇ ಸಂಸ್ಥೆ. ಎರಡರ ನಡುವೆ ಒಪ್ಪಂದವಿರುವುದರಿಂದ ಅಲ್ಲಿಯ ಕಾರ್ಡನ್ನೂ ಮಾಡಿಸಿಕೊಳ್ಳಬಹುದು. ಎರಡರ ಪಟ್ಟಿಯಲ್ಲೂ ಭಾಷೆಯನ್ನು 'ಕನ್ನಡ' ಎಂದು ಆರಿಸಿ ಹುಡುಕಿ. ಇಲ್ಲದ ಪುಸ್ತಕವನ್ನು ಕೊಳ್ಳುವಂತೆ ಸೂಚಿಸುವ ಸೌಲಭ್ಯವನ್ನೂ ನಾಚದೆ ಬಳಸಿ. ಯಾವ ಭಾಷೆಯಲ್ಲಿ ಕೇಳುವವರಿದ್ದಾರೆಂದು ತಿಳಿಯದಿದ್ದರೆ ಅವರಾದರೂ ಹೇಗೆ ತರಿಸಿಯಾರು? ನಾವು ಕನ್ನಡಿಗರು ಈ ವಿಷಯದಲ್ಲಿ ಬಹಳ ಸಂಕೋಚದವರು.

ಅಮ್ಮ ಬರುವ ಮುನ್ನವೇ ಹೋಲ್ಡ್ ಹಾಕಿಡಿ, ಅಂದರೆ ಪುಸ್ತಕವನ್ನು ನಿಮ್ಮ ಹೆಸರಿಗೆ ಕಾದಿರಿಸಿ, ಏಕೆಂದರೆ ಹೊಸ ಪುಸ್ತಕಗಳ ಸರದಿ ಉದ್ದವಿರುತ್ತದೆ. ಕಾಯಲಾಗದವರಿಗೆ ಸಿಯಾಟಲ್ ಲೈಬ್ರರಿಯಲ್ಲಿ 'ಪೀಕ್ ಪಿಕ್ಸ್' ಎಂಬ ಕಪಾಟಿದೆ: ಜನಪ್ರಿಯ ಹೊಸ ಪುಸ್ತಕಗಳು, ಹೋಲ್ಡ್ ಇಲ್ಲ, ಕಂಡವರು ಎತ್ತಿಕೊಳ್ಳಬಹುದು, ಎರಡು ವಾರದಲ್ಲಿ ಮರಳಿಸಬೇಕು. ತಡವಾದರೆ ದಂಡದ ಹೆದರಿಕೆ ಬೇಡ. 2019ರ ಆಗಸ್ಟ್‌ನಲ್ಲಿ ನಗರದ ಮತದಾರರು ಗ್ರಂಥಾಲಯಕ್ಕಾಗಿ ಏಳು ವರ್ಷಗಳ ಆಸ್ತಿತೆರಿಗೆಯನ್ನು ಒಪ್ಪಿದರು, ಅದರ ಬಲದಿಂದ 2020ರ ಜನವರಿಯಿಂದ ತಡದಂಡವನ್ನೇ ತೆಗೆದುಹಾಕಿದ್ದಾರೆ. ಕಳೆದುಕೊಂಡರೆ ಮಾತ್ರ ಬೆಲೆ ಕಟ್ಟಬೇಕು. ಕರ್ನಾಟಕದಲ್ಲೂ 1965ರ ಕಾಯ್ದೆಯ ಪ್ರಕಾರ ಆಸ್ತಿತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರವನ್ನು ಕಟ್ಟಿಯೇ ಇದ್ದೇವೆ, ಎಷ್ಟು ಜನರಿಗೆ ಅದು ನೆನಪಿದೆಯೋ!

ಕನ್ನಡದ ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ಇದೆ, ಅಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ರಾಶಿಯಾಗಿವೆ. ಇಂಗ್ಲಿಷ್ ಅಕ್ಷರಗಳಲ್ಲಿ ತಪ್ಪುತಪ್ಪಾಗಿ ನಮೂದಾದ ಹೆಸರುಗಳ ನಡುವೆ ಹುಡುಕುವುದು ಕಷ್ಟವಾದ್ದರಿಂದ, ಕನ್ನಡದಲ್ಲೇ ಹುಡುಕಲು 'ಪುಸ್ತಕ ಸಂಚಯ' ಜಾಲತಾಣದ ಮೂಲಕ ಹೋಗಿ. ದೊಡ್ಡ ಪರದೆಯ ಟ್ಯಾಬ್ಲೆಟ್ ಒಂದನ್ನು ತೆಗೆದುಕೊಟ್ಟರೆ ಅಕ್ಷರ ಹಿಗ್ಗಿಸಿ ಓದಿಕೊಳ್ಳುತ್ತಾರೆ.

ಉತ್ತರ: ಮಗನ ಮನೆಗೆ ಬಂದವಳು

ನಾನು ನಿಮ್ಮ ತಾಯಿಯವರ ಹಾಗೆ ಮಗನ ಮನೆಗೆ ಬಂದು ಹೋಗುವವಳು, ತೀರ್ಥಹಳ್ಳಿಯ ಕಡೆಯವಳು. ನಮ್ಮ ಕಡೆಯಿಂದ ಎರಡು ಮಾತು ಹೇಳಬೇಕೆನ್ನಿಸಿತು.

ಮಕ್ಕಳು ನಮಗೆ ದೊಡ್ಡ ದೊಡ್ಡ ಕಟ್ಟಡಗಳನ್ನು ತೋರಿಸಲು ಹೊರಡುತ್ತಾರೆ. ನನಗೆ ಇಷ್ಟವಾದದ್ದು ಬೇರೆ. ವಿಶ್ವವಿದ್ಯಾಲಯದ ಪೂರ್ವಕ್ಕೆ, ಸರೋವರದ ಬದಿಯಲ್ಲಿ, ಗಿಡಮರಗಳಿಗೆಂದೇ ಇರುವ ಒಂದು ಪುಟ್ಟ ಗ್ರಂಥಾಲಯವಿದೆ. ಮಿಲ್ಲರ್ ಲೈಬ್ರರಿ ಎನ್ನುತ್ತಾರೆ. ತೋಟಗಾರಿಕೆಯ ಪುಸ್ತಕಗಳು, ಮಕ್ಕಳಿಗೆ ಒಂದು ಮೂಲೆ, ಚಿತ್ರಗಳೇ ತುಂಬಿದ ದೊಡ್ಡ ಸಂಪುಟಗಳು. ಇಂಗ್ಲಿಷ್ ನಿಧಾನವಾಗಿ ಓದುವವರಿಗೆ ಇಂಥ ಪುಸ್ತಕಗಳು ಬಹಳ ಅನುಕೂಲ, ಏಕೆಂದರೆ ಪುಟದಲ್ಲಿ ನೋಡಿದ ಹೂವು ಹೊರಗೆ ಬೇಲಿಯ ಪಕ್ಕದಲ್ಲೇ ಇರುತ್ತದೆ. ಕೆಂಪು ಗೊಂಚಲು ಬಿಡುವ ಕರಂಟ್ ಪೊದೆಯನ್ನು ನಾನು ಹೀಗೆಯೇ ಗುರುತು ಹಿಡಿದೆ. ಅದು ಅರಳುವ ಹೊತ್ತಿಗೆ ಸರಿಯಾಗಿ ಮೆಕ್ಸಿಕೋ ಕಡೆಯಿಂದ ಕಂದು ಬಣ್ಣದ ಝೇಂಕಾರದ ಹಕ್ಕಿಗಳು (ಹಮ್ಮಿಂಗ್‌ಬರ್ಡ್) ಹಿಂದಿರುಗುತ್ತವೆಯಂತೆ. ಅಲ್ಲಿಂದ ಹಿಂದಕ್ಕೆ ಜೌಗು ಪ್ರದೇಶ. 1966ರವರೆಗೂ ಅದು ಊರಿನ ಕಸ ಸುರಿಯುವ ಜಾಗವಾಗಿತ್ತೆಂದರೆ ನಂಬಲಾಗುವುದಿಲ್ಲ. ಈಗ ಜೊಂಡಿನ ತುದಿಯಲ್ಲಿ ಒಂದು ಕಪ್ಪು ಹಕ್ಕಿ ಕುಳಿತು, ಭುಜದ ಕೆಂಪು ಪಟ್ಟಿಯನ್ನು ಉಬ್ಬಿಸಿಕೊಂಡು, ತುಕ್ಕು ಹಿಡಿದ ಬಾಗಿಲು ತೆರೆದಂತೆ ಕೂಗುತ್ತದೆ. ಮಾರ್ಚ್ ಪೂರ್ತಿ ಅದೇ ಕಛೇರಿ. ಹಾದಿ ಸಮತಟ್ಟು, ಮೊಣಕಾಲಿಗೆ ತೊಂದರೆಯಿಲ್ಲ, ಕೆಸರು ಮಾತ್ರ ಇರುತ್ತದೆ.

ಸೆಂಟ್ರಲ್ ಲೈಬ್ರರಿಯ ಬಗ್ಗೆ ಇಬ್ಬರೂ ಹೇಳದ ಒಂದು ಸಂಗತಿಯಿದೆ. ಒಂದನೆಯ ಅಂತಸ್ತಿನಲ್ಲಿ ಬೇರೆ ಬೇರೆ ಭಾಷೆಗಳ ಪುಸ್ತಕಗಳಿರುವ ಕಡೆ ನೆಲವೆಲ್ಲ ಮರದ್ದು. ಆನ್ ಹ್ಯಾಮಿಲ್ಟನ್ ಎಂಬ ಕಲಾವಿದೆ ಆ ಹಲಗೆಗಳ ಮೇಲೆ ಹಲವು ಭಾಷೆಗಳ ಪುಸ್ತಕಗಳ ಮೊದಲ ವಾಕ್ಯಗಳನ್ನು ಉಬ್ಬು ಅಕ್ಷರಗಳಲ್ಲಿ ಕೊರೆಸಿದ್ದಾರೆ. ಅಕ್ಷರಗಳೆಲ್ಲ ತಿರುಗುಮುರುಗು, ಅಚ್ಚುಮೊಳೆಗಳ ಹಾಗೆಯೇ. ನಮ್ಮ ಮಾವನವರ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವುದನ್ನು ನೋಡುತ್ತಾ ಬೆಳೆದವಳಿಗೆ ಅದು ಕಂಡೊಡನೆ ತಿಳಿಯಿತು. ಮಗನಿಗೆ ನಾನೇ ವಿವರಿಸಬೇಕಾಯಿತು. ತೆಳು ಅಡಿಯ ಪಾದರಕ್ಷೆ ಹಾಕಿಕೊಂಡು ಹೋದರೆ ಅಕ್ಷರಗಳು ಅಂಗಾಲಿಗೆ ತಾಗುತ್ತವೆ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಅಮ್ಮನನ್ನು ನೀವೇ ಎಲ್ಲ ಕಡೆಗೂ ಕರೆದೊಯ್ಯಬೇಕೆಂದು ಏಕೆ ಅಂದುಕೊಳ್ಳುತ್ತೀರಿ? ಸಮೀಪದ ಶಾಖೆಗೆ ಬಸ್ಸಿನಲ್ಲಿ ಹೋಗಿಬರುವುದನ್ನು ಮೊದಲ ವಾರವೇ ಅಭ್ಯಾಸ ಮಾಡಿಸಿ. ಒಬ್ಬರೇ ಹೋಗಿ, ತಮಗೆ ಬೇಕಾದ ಕುರ್ಚಿ ಹಿಡಿದು, ಚಾಳೀಸು ಹಾಕಿಕೊಂಡು ಎರಡು ತಾಸು ಓದಿ ಬರುವುದರಲ್ಲಿರುವ ಸುಖ ಬೇರೆಯೇ. ನನ್ನನ್ನು ಅಲ್ಲಿಯ ಸಿಬ್ಬಂದಿ ಈಗ ಕಂಡೊಡನೆ ಕೈಬೀಸುತ್ತಾರೆ.

ಮರುಪ್ರಶ್ನೆ: ವರದಾತೀರ

ಮೂವರಿಗೂ ಧನ್ಯವಾದಗಳು. ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ತಿರುಗು ಅಕ್ಷರದ ನೆಲವನ್ನು ಮೊದಲು ನೋಡಬೇಕಂತೆ, ಮತ್ತು ಒಬ್ಬರೇ ಹೋಗುವ ಮಾತಿಗೆ ನನಗಿಂತ ಬೇಗ ಒಪ್ಪಿದರು. ಇನ್ನೆರಡು ಸಣ್ಣ ಸಂದೇಹಗಳು. ಈ ವರ್ಷ ಯುಗಾದಿ ಮಾರ್ಚ್ 19ಕ್ಕೆ ಬಂದಿದೆ, ಅಂದು ಕ್ವಾಡ್‌ನಲ್ಲಿ ಹೂವು ಸಿಕ್ಕೀತೇ? ಊರಿನಿಂದ ದೊಡ್ಡ ಕೊಡೆ ತರುವುದಾಗಿ ಹೇಳುತ್ತಿದ್ದಾರೆ, ತರಲಿ ಎನ್ನಲೇ?

ಉತ್ತರ: ಬ್ಯಾಲಾರ್ಡ್‌ವಾಸಿ

ಹೂವಿನ ತಾರೀಖು ಫೆಬ್ರವರಿಯ ಚಳಿಯನ್ನು ಅವಲಂಬಿಸಿರುತ್ತದೆ. ಚಳಿ ಕಡಿಮೆಯಿದ್ದರೆ 19ರ ಹೊತ್ತಿಗೆ ಅರಳಲು ತೊಡಗಿರುತ್ತವೆ, ಇಲ್ಲವಾದರೆ ಮೊಗ್ಗು ಉಬ್ಬಿರುತ್ತವೆ. ವಿಶ್ವವಿದ್ಯಾಲಯ ಕ್ವಾಡ್‌ನಲ್ಲಿ ವೆಬ್‌ಕ್ಯಾಮ್ ಇಟ್ಟಿದೆ. ಬೆಳಗ್ಗೆ ಎದ್ದು ಅದನ್ನು ನೋಡಿ ಹೊರಡುವುದು ಒಳ್ಳೆಯದು. ಅಲ್ಲಿಯವರೆಗೆ ಬೀದಿಬದಿಯ ಪ್ಲಮ್ ಮರಗಳಿವೆ. ಫೆಬ್ರವರಿ ಕೊನೆಯಿಂದಲೇ ಗುಲಾಬಿಯಾಗಿ ತುಂಬಿಕೊಳ್ಳುವ ಇವನ್ನು ಹೊಸಬರೆಲ್ಲ ಚೆರಿಯೆಂದೇ ತಿಳಿಯುತ್ತಾರೆ. ಬೇವಿನ ಹೂವು ಮಾತ್ರ ಈ ಊರಿನಲ್ಲಿ ಹುಡುಕಬೇಡಿ. ಒಣಗಿಸಿದ್ದನ್ನು ಅಮ್ಮನೇ ಒಂದು ಚಿಟಿಕೆ ತರಲಿ, ತರುವ ಮುನ್ನ ಗಿಡಮೂಲದ ವಸ್ತುಗಳ ಬಗ್ಗೆ ಕಸ್ಟಮ್ಸ್‌ನ ನಿಯಮವನ್ನು ನೋಡಿಕೊಂಡು, ಇಲ್ಲಿ ಇಳಿದಾಗ ಅಧಿಕಾರಿಗಳಿಗೆ ತಿಳಿಸಲಿ.

ಕೊಡೆಯ ವಿಷಯ: ಈ ಊರಿನವರು ಕೊಡೆ ಹಿಡಿಯುವುದನ್ನು ಒಂದು ಬಗೆಯ ಸೋಲೆಂದು ಭಾವಿಸಿದಂತಿದೆ, ಟೊಪ್ಪಿಯಿರುವ ಜಾಕೆಟ್ಟಿನಲ್ಲೇ ನೆನೆದುಕೊಂಡು ಹೋಗುತ್ತಾರೆ. ಆದರೆ ಜಾಕೆಟ್ಟಿನೊಳಗೆ ಪುಸ್ತಕ ಒದ್ದೆಯಾಗದಂತೆ ಹಿಡಿದುಕೊಳ್ಳುವುದು ಕಷ್ಟ. ಸಾಗರದ ಕೊಡೆ ಧಾರಾಳವಾಗಿ ಬರಲಿ, ಜೊತೆಗೆ ಪುಸ್ತಕ ಸುತ್ತಲು ಎರಡು ಒಳ್ಳೆಯ ಪ್ಲಾಸ್ಟಿಕ್ ಚೀಲಗಳೂ ಇರಲಿ. ಶಾಖೆಗಳ ವೇಳೆ ಒಂದೊಂದು ದಿನಕ್ಕೆ ಒಂದೊಂದು ಬಗೆಯಾಗಿರುವುದರಿಂದ ಹೊರಡುವ ಮುನ್ನ ನೋಡಿಕೊಳ್ಳಿ. ಬ್ಯಾಲಾರ್ಡ್ ಕಡೆಗೆ ಬಂದರೆ ಇಲ್ಲಿಯ ಶಾಖೆಗೂ ಬನ್ನಿ. 2005ರಲ್ಲಿ ಕಟ್ಟಿದ ಅದರ ಮಾಡಿನ ಮೇಲೆ ಹುಲ್ಲು, ಗಿಡಗಳನ್ನು ಬೆಳೆಸಿದ್ದಾರೆ, ಒಳಗಿರುವ ಪೆರಿಸ್ಕೋಪಿನಲ್ಲಿ ಕಣ್ಣಿಟ್ಟರೆ ಮೇಲೆ ಏನು ಚಿಗುರಿದೆಯೆಂದು ಮೆಟ್ಟಿಲು ಹತ್ತದೆಯೇ ಕಾಣುತ್ತದೆ.